ಮೂರು ಬ್ಯಾಟರಿ ತಿಂದ ಜೀಪು

ಆ ಜೀಪು ನನ್ನ ಅಂಗಡಿಯ ಮುಂದೆ ನಿಂತಾಗಲೆಲ್ಲ ಎಂಜಿನ್ ಚಾಲೂ ಇರುತ್ತಿತ್ತು. ಮಾಲೀಕರು ಕೆಳಗಿಳಿದು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಒಂದು ಕಿವಿ ನನ್ನ ಕಡೆ, ಇನ್ನೊಂದು ಎಂಜಿನ್ನಿನ ಕಡೆ. ಡೀಸೆಲ್ ಸುಮ್ಮನೆ ಸುಡುತ್ತದೆ, ಆರಿಸಿ ಬನ್ನಿ ಎಂದರೆ ಕೇಳುವವರಲ್ಲ. ಒಮ್ಮೆ ಆರಿಸಿದರೆ ಮತ್ತೆ ಶುರುವಾಗುತ್ತದೆ ಎಂಬ ನಂಬಿಕೆ ಅವರಿಗೆ ಹೋಗಿಬಿಟ್ಟಿತ್ತು.

ನಾನು ಕೊಪ್ಪಳದಲ್ಲಿ ಬ್ಯಾಟರಿ ಅಂಗಡಿ ನಡೆಸುತ್ತೇನೆ. ಹೊಸ ಗಿರಾಕಿಗಳು ಒಳಗೆ ಇಣುಕಿ ಮೊದಲು ಕೇಳುವುದು, "ಅಣ್ಣಾರ ಇಲ್ಲೇನ್ರಿ?" ಎಂದು. ಇಲ್ಲಿ ಅಣ್ಣಾರು ಯಾರೂ ಇಲ್ಲ, ನಾನೇ ಇರುವುದು ಎಂದು ಹೇಳಿ ಹೇಳಿ ಸಾಕಾಗಿದೆ. ಈ ಜೀಪಿನವರು ಮಾತ್ರ ಬಂದ ಮೊದಲ ದಿನವೇ ಆ ಪ್ರಶ್ನೆ ಕೇಳದೆ, "ಅಕ್ಕಾರ, ಇದರ ನಾಡಿ ಹಿಡದ ನೋಡ್ರಿ ಒಂಚೂರು" ಎಂದಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಅವರ ಊರು ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ರಸ್ತೆಯಿಂದ ಒಳಗಡೆ. ಜೀಪು ಹಳೆಯದು, ಸಂತೆಯ ದಿನ ಜನರನ್ನು ತುಂಬಿಕೊಂಡು ಓಡಾಡಿ ಸವೆದದ್ದು. ಈಗ ಅದಕ್ಕೆ ಉಳಿದಿದ್ದು ಒಂದೇ ಮುಖ್ಯ ಕೆಲಸ. ಕಾಕಾನ ಹೆಂಡತಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಕೊಪ್ಪಳದ ಆಸ್ಪತ್ರೆಗೆ ಕರೆತಂದು ಡಯಾಲಿಸಿಸ್ ಮಾಡಿಸಬೇಕು. ಸರದಿ ಬೆಳಗಿನದು. ಆ ಹೊತ್ತಿಗೆ ಅವರ ಊರಿನಿಂದ ಬಸ್ಸಿಲ್ಲ, ಮುಗಿಸಿಕೊಂಡು ಬಸ್ಸಿನಲ್ಲಿ ಜೋತಾಡುತ್ತ ಹಿಂತಿರುಗುವ ಶಕ್ತಿ ಆಕೆಗಿಲ್ಲ. ಒಂದು ಸರದಿ ತಪ್ಪಿದರೆ ಕಾಲು ಬಾತುಕೊಳ್ಳುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಜೀಪು ಶುರುವಾಗುವುದೆಂದರೆ ಆ ಮನೆಯಲ್ಲಿ ಸಣ್ಣ ಮಾತಾಗಿರಲಿಲ್ಲ.

ನಮ್ಮ ಬಿಸಿಲಿನಲ್ಲಿ ಒಳ್ಳೆಯ ಬ್ಯಾಟರಿಯೊಂದು ಎರಡು ವರ್ಷ ನಡೆದರೆ ನಾನು ದೂರುವುದಿಲ್ಲ. ಕಾಕಾನಿಗೆ ನಾನು ಕೊಟ್ಟ ಮೊದಲ ಬ್ಯಾಟರಿ ಒಂದು ವರ್ಷ ಕಾಣಲಿಲ್ಲ. ಎರಡನೆಯದು ಅದರ ಅರ್ಧ ಕಾಲಕ್ಕೇ ಮಲಗಿತು. ಎರಡೂ ಬೇರೆ ಬೇರೆ ಕಂಪನಿಯವು, ಹಾಗಾಗಿ ಕಂಪನಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ದಾರಿಯಿರಲಿಲ್ಲ.

ಎರಡನೆಯದು ಕೈಕೊಟ್ಟ ದಿನ ಜೀಪನ್ನು ಸರಿಯಾಗಿ ಪರೀಕ್ಷಿಸಿದೆ. ಗಿಣಿಗೇರಾ ಕಡೆಯ ಗಾಡಿಗಳಾದರೆ ನಾನು ಮೊದಲು ನೋಡುವುದು ಬ್ಯಾಟರಿಯ ನೆತ್ತಿ. ಕಾರ್ಖಾನೆಗಳ ಕರಿದೂಳು ಅಲ್ಲಿ ಪದರವಾಗಿ ಕೂತು, ಆ್ಯಸಿಡ್ಡಿನ ಪಸೆ ತಗಲಿದರೆ ಅದರ ಮೂಲಕವೇ ಕರೆಂಟು ಹರಿದು ಹೋಗುತ್ತದೆ. ಕಾಕಾನ ಬ್ಯಾಟರಿಯ ನೆತ್ತಿ ನಮ್ಮ ಅಡುಗೆಮನೆಯ ಕಟ್ಟೆಗಿಂತ ಸ್ವಚ್ಛವಾಗಿತ್ತು. ದಿನಾ ಅರಿವೆಯಿಂದ ಒರೆಸುತ್ತಾರಂತೆ. ಟರ್ಮಿನಲ್ಲುಗಳಲ್ಲಿ ಹಸಿರು ಕಿಲುಬಿಲ್ಲ. ಎಂಜಿನ್ ಚಾಲೂ ಇಟ್ಟು ಮೀಟರ್ ಹಚ್ಚಿದೆ, ಹದಿನಾಲ್ಕು ವೋಲ್ಟಿಗಿಂತ ಚೂರು ಮೇಲೆ ತೋರಿಸಿತು. ಅಂದರೆ ಡೈನಮೊ ಚಾರ್ಜು ಸರಿಯಾಗಿ ಕೊಡುತ್ತಿತ್ತು.

"ಬ್ಯಾಟ್ರಿಗೆ ನೀರು ಹಾಕ್ತೀರೇನ್ರಿ ಕಾಕಾ?" ಎಂದೆ.

"ತಪ್ಪಸಂಗಿಲ್ರಿ ಅಕ್ಕಾರ. ನಿಮ್ಮ ಅಂಗಡೀದ ಡಬ್ಬಿ ಐತಲ್ರಿ, ಗಾಡ್ಯಾಗ ಇಟ್ಟೀನಿ" ಎಂದು ಸೀಟಿನ ಕೆಳಗಿನಿಂದ ಬಿಳಿ ಡಬ್ಬಿ ಎತ್ತಿ ತೋರಿಸಿದರು. ನನ್ನ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಗಿರಾಕಿ ಎಂದರೆ ಹೀಗಿರಬೇಕು ಎಂದುಕೊಂಡೆ.

ಕೊನೆಗೆ ಕೀಲಿ ತೆಗೆದು, ಬ್ಯಾಟರಿಯ ತಂತಿಗೆ ಮೀಟರನ್ನು ಸಾಲಾಗಿ ಜೋಡಿಸಿದೆ. ಗಾಡಿ ಪೂರ್ತಿ ಆರಿರುವಾಗ ಮುಳ್ಳು ಅಲುಗಬಾರದು. ಅಲುಗಿತು. ಎಲ್ಲಿಂದ ಎಂದು ಹುಡುಕುತ್ತ ಹೋದರೆ ಡ್ಯಾಶ್‌ಬೋರ್ಡಿನ ಮೇಲೆ ಹೇಮಗುಡ್ಡದ ಅಮ್ಮನ ಪಟ, ಅದರ ಮುಂದೆ ಕೆಂಪು ಬಲ್ಬು. ಕೀಲಿಗೆ ಸಂಬಂಧವಿಲ್ಲದಂತೆ ಅದಕ್ಕೆ ಬ್ಯಾಟರಿಯಿಂದಲೇ ತಂತಿ ಎಳೆದಿದ್ದರು. ಹಳೆಯ ಕಾಲದ ತಂತಿ ಬಲ್ಬು, ಹಗಲೂ ರಾತ್ರಿ ಉರಿಯುತ್ತಿತ್ತು. ಜೀಪು ಎರಡು ಮೂರು ದಿನ ಮನೆಯ ಮುಂದೆ ನಿಂತರೆ ಸಾಕು, ಬ್ಯಾಟರಿಯ ಮೂರರಲ್ಲೊಂದು ಪಾಲನ್ನು ಅದೊಂದೇ ಕುಡಿದುಬಿಡುತ್ತದೆ.

ಕಳ್ಳ ಸಿಕ್ಕಿದನೆಂದು ನನಗೆ ಖುಷಿಯಾಯಿತು. "ಇದನ್ನ ಆರಸ್ರಿ ಕಾಕಾ. ಬೇಕಾದ್ರ ಕೀಲಿಗೆ ಜೋಡಿಸಿ ಕೊಡ್ತೀನಿ, ಗಾಡಿ ಚಾಲೂ ಇದ್ದಾಗಷ್ಟ ಹತ್ತತೈತಿ."

ಅವರ ಮುಖ ಸಣ್ಣದಾಯಿತು. "ನಮ್ಮಾಕೀಗೆ ಡಯಾಲಿಸಿಸ್ ಶುರು ಆದ ದಿನ ಹಚ್ಚಿದ ದೀಪ್ರಿ ಅದು. ಆರಿಸಂಗಿಲ್ಲಂತ ಹರಕಿ ಹೊತ್ತೀನಿ."

"ಬ್ಯಾಟ್ರಿ ಉಳೀಬೇಕೋ ಬ್ಯಾಡೋ ಹೇಳ್ರಿ" ಎಂದೆ. ನನ್ನ ಮಾತು ಹಾಗೆಯೇ, ಮೀಟರಿನಲ್ಲಿ ಅಂಕಿ ಕಂಡ ಮೇಲೆ ಎದುರಿನವರ ಮುಖ ನೋಡುವುದು ನನಗೆ ಮರೆತೇ ಹೋಗುತ್ತದೆ. ಅವರು ಪಟದ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಾವೇ ಕೈ ಚಾಚಿ, ಬಲ್ಬನ್ನು ತಿರುವಿ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ನಾನು ಮೂರನೆಯ ಬ್ಯಾಟರಿ ಕೂರಿಸಿದೆ.

ಅದೇ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಅವರು ಬಂದರು. ಜೀಪು ಅಂಗಡಿಯ ಮುಂದೆ ಗಡಗಡ ಎನ್ನುತ್ತಿತ್ತು. ಕಾಕಾನ ಅಂಗಿಯ ತೋಳಿನ ಮೇಲೆ ಒಣಗಿದ ರಕ್ತ. ಕೂಡ್ರಿ ಎಂದೆ, ಕೂಡಲಿಲ್ಲ.

ನಡೆದದ್ದು ಇಷ್ಟು. ಡಯಾಲಿಸಿಸ್ ಮುಗಿಸಿಕೊಂಡು ಗಂಡ ಹೆಂಡತಿ ಇಬ್ಬರೇ ಊರಿಗೆ ಹೊರಟಿದ್ದಾರೆ. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದಿದೆ. ಬ್ರೇಕ್ ಹಾಕಿದ್ದಾರೆ, ಎಂಜಿನ್ ಆರಿದೆ. ಕೀಲಿ ತಿರುವಿದರೆ ಸೆಲ್ಫು ಒಮ್ಮೆ ನರಳಿ ಸುಮ್ಮನಾಗಿದೆ. ಊರಿನಲ್ಲಾದರೆ ಕಾಕಾ ಜೀಪನ್ನು ಸದಾ ಇಳುಕಲಿನಲ್ಲೇ ನಿಲ್ಲಿಸುತ್ತಾರೆ, ನಾಲ್ಕು ಜನ ಬಂದು ನೂಕುತ್ತಾರೆ. ಇಲ್ಲಿ ಸಪಾಟು ರಸ್ತೆ, ಸುಡುವ ಬಿಸಿಲು. ಕುರಿ ಕಾಯುವವನು ಹಿಂಡಿನ ಹಿಂದೆ ದೂರ ಹೋಗಿಯಾಗಿದೆ. ಕಾಕಾ ಬಾಗಿಲ ಬಳಿ ನಿಂತು ಒಂದು ಕೈ ಸ್ಟೇರಿಂಗಿನ ಮೇಲಿಟ್ಟು ಒಬ್ಬರೇ ನೂಕಿದ್ದಾರೆ, ಗಾಡಿ ಕದಲಿಲ್ಲ. ತುಸು ಹೊತ್ತಿನಲ್ಲಿ ಹಗುರವಾಗಿ ಉರುಳತೊಡಗಿತಂತೆ. ಹಿಂದೆ ತಿರುಗಿ ನೋಡಿದರೆ ಹೆಂಡತಿ ಇಳಿದು ಬಂದು ಎರಡೂ ಕೈ ಹಚ್ಚಿದ್ದಾಳೆ.

ಡಯಾಲಿಸಿಸ್ ಆಗುವವರ ಒಂದು ಕೈಯನ್ನು ಸೂಜಿಗಾಗಿಯೇ ಸಣ್ಣ ಆಪರೇಷನ್ ಮಾಡಿ ಸಿದ್ಧಪಡಿಸಿರುತ್ತಾರೆ. ಆ ಕೈಯಿಂದ ಭಾರ ಎತ್ತಬಾರದು, ಬಿಗಿ ಬಳೆಯನ್ನೂ ತೊಡಬಾರದು. ಆಕೆ ಅದೇ ಕೈಯಿಂದ ಜೀಪು ನೂಕಿದ್ದಳು. ಸೂಜಿ ತೆಗೆದಲ್ಲಿ ಕಟ್ಟಿದ್ದ ಪಟ್ಟಿಯ ಕೆಳಗಿನಿಂದ ರಕ್ತ ಒಂದೇ ಸಮನೆ ಇಳಿದಿದೆ. ಅಷ್ಟರಲ್ಲಿ ಕುರಿಯವನು ತಿರುಗಿ ನೋಡಿ ಓಡಿ ಬಂದು ಗಾಡಿ ನೂಕಿಕೊಟ್ಟಿದ್ದಾನೆ. ಕಾಕಾ ಒಂದು ಕೈಯಲ್ಲಿ ಆಕೆಯ ಕೈ ಅದುಮಿ ಹಿಡಿದು, ಇನ್ನೊಂದರಲ್ಲಿ ಗಾಡಿ ಓಡಿಸುತ್ತ ಆಸ್ಪತ್ರೆಗೆ ಹಿಂತಿರುಗಿದ್ದಾರೆ. ರಕ್ತ ನಿಂತಿದೆ, ಒಂದು ದಿನ ಇಲ್ಲೇ ಇರಲಿ ಎಂದು ಡಾಕ್ಟರು ಹೇಳಿದ್ದಾರಂತೆ.

"ಇನ್ನೊಂದ ಅರ್ಧ ತಾಸು ತಡಾ ಆಗಿದ್ರ ಕೈ ಮೀರತಿತ್ತು ಅಂದ್ರು ಡಾಕ್ಟರು." ಕಾಕಾ ನನ್ನನ್ನು ನೋಡದೆ, ರಸ್ತೆಯ ಕಡೆ ನೋಡುತ್ತ ಹೇಳಿದರು. "ದೀಪ ಆರಸಬಾರದಿತ್ರಿ ಅಕ್ಕಾರ."

ಬೈದಿದ್ದರೆ ಏನಾದರೂ ಮಾತಾಡುತ್ತಿದ್ದೆ. ಅವರು ಬೈಯಲಿಲ್ಲ. ದೀಪಕ್ಕೂ ರಕ್ತಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು, ಆದರೆ ದೀಪ ಆರಿಸಿದರೆ ಬ್ಯಾಟರಿ ಉಳಿಯುತ್ತದೆ ಎಂದವಳೂ ನಾನೇ. ಹರಕೆಯೂ ಮುರಿಯಿತು, ಬ್ಯಾಟರಿಯೂ ಉಳಿಯಲಿಲ್ಲ.

ಅವರು ನಾಲ್ಕನೆಯ ಬ್ಯಾಟರಿ ಕೇಳಿದರು. ನಾನು ಕೊಡುವುದಿಲ್ಲ ಎಂದೆ. ಏನು ತಿನ್ನುತ್ತಿದೆ ಎಂದು ತಿಳಿಯದೆ ಇನ್ನೊಂದು ಹಾಕಿದರೆ ಅದನ್ನೂ ತಿನ್ನುತ್ತದೆ. ಮೂರನೆಯದನ್ನು ಬಿಚ್ಚಿ ಇಟ್ಟುಕೊಂಡು, ಅಂಗಡಿಯಲ್ಲಿ ತಾತ್ಕಾಲಿಕಕ್ಕೆಂದು ಇಟ್ಟಿರುವ ಹಳೆಯ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಜೀಪಿಗೆ ಹಾಕಿದೆ. ಅದು ಮೇಲೆಲ್ಲ ಮುಚ್ಚಿದ, ನೀರು ಹಾಕುವ ಬಿರಡೆಗಳಿಲ್ಲದ ಮಾದರಿ. ಎಷ್ಟು ಕೈ ಬದಲಾಗಿದೆಯೋ ದೇವರಿಗೇ ಗೊತ್ತು. "ಇದರ ಮ್ಯಾಲೆ ಭಾಳ ಭರವಸಿ ಇಡಬ್ಯಾಡ್ರಿ. ಇಳುಕಲನ್ಯಾಗ ನಿಲ್ಲಸ್ರಿ" ಎಂದು ಹೇಳಿ ಕಳಿಸಿದೆ.

ಮೂರನೆಯ ಬ್ಯಾಟರಿಯನ್ನು ನಿಧಾನವಾಗಿ ತುಂಬ ಚಾರ್ಜ್ ಮಾಡಿ, ಒಣ ಹಲಗೆಯ ಮೇಲೆ ಇಟ್ಟೆ. ಅದಕ್ಕೆ ತಂತಿಯಿಲ್ಲ, ದೀಪವಿಲ್ಲ, ಜೀಪೇ ಇಲ್ಲ. ಮೊದಲ ದಿನ ಹನ್ನೆರಡು ಪಾಯಿಂಟ್ ಏಳು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮೀಟರ್ ಹಚ್ಚುವುದು ಒಂದು ಚಟವಾಯಿತು. ಒಳ್ಳೆಯ ಬ್ಯಾಟರಿ ಹೀಗೆ ತಿಂಗಳು ಕೂತರೂ ಹೆಚ್ಚು ಇಳಿಯುವುದಿಲ್ಲ. ಇದು ನಾಲ್ಕನೆಯ ದಿನಕ್ಕೆ ಹನ್ನೆರಡು ಪಾಯಿಂಟ್ ಎರಡಕ್ಕೆ ಬಂತು, ಅಂದರೆ ಸುಮಾರು ಅರ್ಧ ಖಾಲಿ. ಯಾರೂ ಮುಟ್ಟದೆ, ಏನೂ ಜೋಡಿಸದೆ, ತನ್ನ ಚಾರ್ಜನ್ನು ತಾನೇ ತಿಂದುಕೊಂಡು ಕೂತಿತ್ತು. ಹಾಗಾದರೆ ರೋಗ ಗಾಡಿಯ ತಂತಿಗಳಲ್ಲಿಲ್ಲ, ಬ್ಯಾಟರಿಯ ಹೊಟ್ಟೆಯಲ್ಲೇ ಇದೆ. ದೀಪ ಒಂದಿಷ್ಟು ಕುಡಿಯುತ್ತಿದ್ದದ್ದು ನಿಜ, ಆದರೆ ಅಸಲಿ ಕಳ್ಳ ಅದಲ್ಲ.

ಇನ್ನೊಂದು ಸಂಗತಿ ನನ್ನನ್ನು ಗೊಂದಲಕ್ಕೆ ಕೆಡವಿತು. ಭರವಸೆ ಇಡಬೇಡಿ ಎಂದು ಕೊಟ್ಟ ಆ ಹಳೆಯ ಬ್ಯಾಟರಿ ಅದೇ ಜೀಪಿನಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು. ಫೋನ್ ಮಾಡಿ ಕೇಳಿದರೆ ಕಾಕಾ, "ಹೊಡದ ಏಟಿಗೆ ಎದ್ದ ಕುಂದರತೈತ್ರಿ" ಎಂದರು. ಹೊಸದನ್ನು ತಿನ್ನುವ ಜೀಪು ಹಳೆಯದನ್ನು ಯಾಕೆ ಬಿಟ್ಟಿದೆ? ಅಂಗಡಿಯಲ್ಲಿ ಕೂತು ಇದಕ್ಕೆ ಉತ್ತರ ಸಿಗುವುದಿಲ್ಲ ಅನ್ನಿಸಿತು. ಆ ಗಾಡಿ ಓಡುವಾಗ ಏನಾಗುತ್ತದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ. ಮುಂದಿನ ಡಯಾಲಿಸಿಸ್ ದಿನ ಅಂಗಡಿಗೆ ಬೀಗ ಹಾಕಿ, ಮೊದಲ ಬಸ್ಸಿಗೆ ಯಲಬುರ್ಗಾಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಜೀಪು ನನಗಾಗಿ ನಿಂತಿತ್ತು, ಎಂಜಿನ್ ಚಾಲೂ.

ಬ್ಯಾಟರಿಯಿಂದ ಎರಡು ಉದ್ದನೆಯ ವೈರು ಎಳೆದು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತೆ. ಹಿಂದಿನ ಸೀಟಿನಲ್ಲಿ ಕಾಕಾನ ಹೆಂಡತಿ. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಸಣ್ಣ ಮೈ, ತಲೆಯ ಮೇಲೆ ಸೆರಗು, ಕೈಗೆ ದಪ್ಪ ಪಟ್ಟಿ. ಕಾಕಾನ ಹೆಂಡತಿ ಎಂದ ಮೇಲೆ ನನಗೆ ಚಿಗವ್ವ.

"ನಮ್ಮ ಮನಿಯವರ ಜೀಪಿನ ಡಾಕ್ಟರು ನೀನ ಏನ ಯವ್ವಾ? ನನ್ನ ಡಾಕ್ಟರಗಿಂತ ನಿನ್ನ ಹೆಸರು ಹೆಚ್ಚಿಗಿ ಹೇಳ್ತಾರ" ಎಂದು ನಕ್ಕರು. ಕೈ ಹೇಗಿದೆ ಎಂದು ಕೇಳಿದೆ. "ಅದಕ್ಕೇನಾಗೈತಿ, ನನ್ನಂಗ ಗಟ್ಟಿ ಐತಿ" ಎಂದರು.

ದೊಡ್ಡ ರಸ್ತೆಗೆ ಬಂದು ಗಾಡಿ ಓಟ ಹಿಡಿದಾಗ ಮೀಟರಿನ ಅಂಕಿ ಮೇಲೇರಿತು. ಹದಿನಾಲ್ಕೂವರೆ ದಾಟಿತು. ಹದಿನೈದನ್ನೂ ದಾಟಿತು. ನಿಂತಾಗ ಸಭ್ಯವಾಗಿರುವ ಡೈನಮೊ ಓಡುವಾಗ ಬ್ಯಾಟರಿಗೆ ಬಾಯಿಗೆ ತುರುಕಿ ಉಣಿಸುತ್ತಿತ್ತು. ಕಟೌಟ್ ಕೆಟ್ಟಿರಬೇಕು, ಚಾರ್ಜಿಗೆ ಅಂಕುಶ ಹಾಕುವುದು ಅದರ ಕೆಲಸ. ಹೀಗೆ ಅತಿಯಾಗಿ ಚಾರ್ಜ್ ಆದರೆ ಒಳಗಿನ ಆ್ಯಸಿಡ್ ಕುದಿದಂತಾಗಿ ನೀರು ಆವಿಯಾಗುತ್ತದೆ. ನನ್ನ ಅಂಗಡಿಯ ಮುಂದೆ ನಿಂತ ಗಾಡಿಯಲ್ಲಿ ಇದು ಕಾಣುವ ಹಾಗೇ ಇರಲಿಲ್ಲ. ಆದರೂ ಲೆಕ್ಕ ಪೂರ್ತಿ ಹೊಂದಲಿಲ್ಲ. ನೀರು ಬೇಗ ಕಮ್ಮಿಯಾದರೆ ಬೇಗ ತುಂಬಿದರಾಯಿತು, ಕಾಕಾ ತುಂಬುತ್ತಲೂ ಇದ್ದರು. ಅದೊಂದರಿಂದ ಬ್ಯಾಟರಿ ಹಲಗೆಯ ಮೇಲೆ ಕೂತಲ್ಲೇ ಬರಿದಾಗುವುದಿಲ್ಲ.

ಆಸ್ಪತ್ರೆಯಲ್ಲಿ ಕಾಕಾ ಔಷಧಿ ತರಲು ಹೋದರು. ಚಿಗವ್ವನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನಾನು ಕೂತೆ. ಟೆಕ್ನಿಷಿಯನ್ ಬಂದು ಸೂಜಿ ಚುಚ್ಚಿದರು, ಮಷೀನು ತಿರುಗತೊಡಗಿತು. ಚಿಗವ್ವ ನೋವಿಗೆ ಕಣ್ಣು ಮುಚ್ಚಿ ಮತ್ತೆ ತೆರೆದರು. ಮಾತಾಡುತ್ತಿದ್ದರೆ ಹೊತ್ತು ಹೋಗುತ್ತದೆ ಎಂದು ನನ್ನನ್ನು ಬಿಡಲಿಲ್ಲ.

"ಸೂಜೀದು ರೂಢಿ ಆಗೇತಿ ಯವ್ವಾ. ನೀರಡಿಕಿ ಒಂದ ತಡಕೊಳ್ಳಾಕ ಆಗವಲ್ದು. ದಿನಕ್ಕ ಇಷ್ಟ ಅಂತ ಹೇಳ್ಯಾರ. ನಮ್ಮ ಮನಿಯವರು ಒಂದ ಸಣ್ಣ ಲೋಟ ಇಟ್ಕೊಂಡಾರ, ಅದರಾಗ ಅಳದ ಅಳದ ಕೊಡ್ತಾರ. ಒಂದ ಗುಟುಕು ಹೆಚ್ಚಿಗಿ ಕೇಳಿದ್ರ ಕಣ್ಣ ಬಿಡ್ತಾರ." ಚಿಗವ್ವ ನಕ್ಕರು. "ಅದ ಕೊಡದಾಗಿನ ನೀರು, ಜೀಪಿಗೆ ಮಾತ್ರ ಕಂಠಮಟ ತುಂಬ್ತಾರ ನೋಡು. ನನಗ ಅಳತಿ, ಅದಕ್ಕ ಹಬ್ಬ."

"ಯಾವ ಕೊಡದಾಗಿನ ನೀರ್ರಿ ಚಿಗವ್ವ? ರೇಡಿಯೇಟರಿಗೇನು?"

"ಅಲ್ಲ ಯವ್ವಾ, ಬ್ಯಾಟ್ರಿಗೆ. ಫಿಲ್ಟರ್ ನೀರು. ನಿಮ್ಮ ಅಂಗಡಿ ಡಬ್ಬಿ ಬರೀದಾತಂದ್ರ ಅದಕ್ಕ ತುಂಬಿ ಇಡ್ತಾರಲ್ಲ."

ಅವರ ಊರಿನ ಬೋರಿನ ನೀರು ಹಲ್ಲಿಗೆ ಕಂದು ಕಲೆ ತರುವಂಥದ್ದು. ಊರ ಮುಂದೆ ಕುಡಿಯುವ ನೀರಿನ ಫಿಲ್ಟರ್ ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳ ಹಲ್ಲು ಬೆಳ್ಳಗೇ ಬಂದವು. ಹಾಗಾಗಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಆ ನೀರಿಗಿಂತ ಚೊಕ್ಕ ನೀರು ಭೂಮಿಯ ಮೇಲಿಲ್ಲ ಎಂಬ ನಂಬಿಕೆ. ಹಾಲಿಗೆ ಹಾಕುವುದು ಅದೇ, ಕೂಸಿಗೆ ಕುಡಿಸುವುದು ಅದೇ. ಕೊಪ್ಪಳದ ಡಬ್ಬಿ ಮುಗಿದಾಗ ಬ್ಯಾಟರಿಗೂ ಅದೇ. ಕಾಕಾ ಕದ್ದು ಮಾಡಿದ್ದಲ್ಲ, ಹೆಂಡತಿಗೆ ಕೊಡುವ ನೀರನ್ನೇ ಜೀಪಿಗೆ ಕೊಟ್ಟಿದ್ದರು. ಇದಕ್ಕಿಂತ ಒಳ್ಳೆಯದು ಅವರ ಮನೆಯಲ್ಲಿ ಇರಲಿಲ್ಲ.

ಟೆಕ್ನಿಷಿಯನ್ ಮಷೀನಿನ ಅಂಕಿ ಬರೆದುಕೊಳ್ಳಲು ಬಂದಾಗ, ಈ ಮಷೀನಿಗೂ ಅಂಥ ಫಿಲ್ಟರ್ ನೀರೇ ಆಗುತ್ತದೆಯೇ ಎಂದು ಕೇಳಿದೆ. ಅವರು ಗಾಜಿನ ಬಾಗಿಲ ಹಿಂದಿನ ಟ್ಯಾಂಕುಗಳ ಕಡೆ ಕೈ ತೋರಿಸಿದರು. "ಮಷೀನಿಗೆ ಇಲ್ಲೇ ಬ್ಯಾರೆ ನೀರು ತಯಾರಾಗತೈತ್ರಿ ಮೇಡಂ. ಹಳ್ಳಿ ಫಿಲ್ಟರ್ ನೀರು ಕುಡ್ಯಾಕ ಛಲೋ. ಅದರಾಗ ಉಪ್ಪಿನಂಶ ಒಂಚೂರು ಉಳಿದಿರತೈತಿ, ಇರಬೇಕು ಸೈತ. ಇದಕ್ಕ ಅದು ನಡಿಯಂಗಿಲ್ಲ." ಜೇಬಿನಿಂದ ನೀರಿನ ಉಪ್ಪಿನಂಶ ಅಳೆಯುವ, ಪೆನ್ನಿನಂಥ ಮೀಟರ್ ತೆಗೆದು ತೋರಿಸಿದರು. ಸ್ವಲ್ಪ ಹೊತ್ತು ಕೊಡುತ್ತೀರಾ ಎಂದೆ. ಬ್ಯಾಟರಿ ಅಂಗಡಿಯವಳಿಗೆ ಇದು ಯಾಕೆ ಎಂದು ಅವರಿಗೆ ಅರ್ಥವಾಗಲಿಲ್ಲ, ಆದರೂ ಕೊಟ್ಟರು.

ಹೊರಗೆ ಜೀಪಿನ ಸೀಟಿನ ಕೆಳಗಿದ್ದ ಡಬ್ಬಿ ತೆಗೆದು ಅದ್ದಿದೆ. ನೂರರ ಆಸುಪಾಸು ತೋರಿಸಿತು. ನಾನು ಮಾರುವ ಬ್ಯಾಟರಿ ನೀರಿಗೆ ಒಂದಂಕಿ ದಾಟಬಾರದು. ಮೊದಲ ಸಲ ಆ ಡಬ್ಬಿ ಎತ್ತಿ ತೋರಿಸಿದಾಗ ನಾನು ಓದಿದ್ದು ನನ್ನ ಅಂಗಡಿಯ ಚೀಟಿಯನ್ನಷ್ಟೇ.

ಈಗ ಎಲ್ಲವೂ ಒಂದರ ಹಿಂದೊಂದು ಹೊಂದಿಕೊಂಡವು. ಡೈನಮೊ ಅತಿಯಾಗಿ ಚಾರ್ಜ್ ಮಾಡುತ್ತದೆ, ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಕರೆ ಕೂಡುತ್ತದಲ್ಲ, ಹಾಗೆ. ಮತ್ತೆ ತುಂಬಿದರೆ ಮತ್ತಿಷ್ಟು ಉಪ್ಪು. ಆ ಉಪ್ಪು ಪ್ಲೇಟುಗಳನ್ನು ಒಳಗೊಳಗೇ ತಿನ್ನುತ್ತ, ಗಾಡಿ ನಿಂತಾಗಲೂ ಚಾರ್ಜನ್ನು ಬರಿದು ಮಾಡುತ್ತದೆ. ಅಂಗಡಿಯ ಆ ಹಳೆಯ ಬ್ಯಾಟರಿ ಬದುಕಿದ್ದು ಯಾಕೆಂದರೆ ಅದಕ್ಕೆ ಬಿರಡೆಯೇ ಇರಲಿಲ್ಲ, ಕಾಕಾನ ಪ್ರೀತಿಗೆ ಒಳಗೆ ಹೋಗಲು ದಾರಿ ಸಿಕ್ಕಿರಲಿಲ್ಲ. ಆದರೆ ಅದನ್ನೇ ಜೀಪಿನಲ್ಲಿ ಉಳಿಸಿದ್ದರೂ ಆ ಡೈನಮೊದ ಕೈಯಲ್ಲಿ ಅದು ಇಂದಲ್ಲ ನಾಳೆ ಒಣಗಿ ಸಾಯುತ್ತಿತ್ತು.

ಕಾಕಾನಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. "ಅಲ್ರೀ, ಮನಶ್ಯಾರ ಕುಡಿಯೂ ನೀರು ಕಬ್ಬಣದ ಡಬ್ಬಿಗೆ ಆಗಂಗಿಲ್ಲಂದ್ರ ಹೆಂಗ್ರಿ?" ಗಾಜಿನ ಬಾಗಿಲಿನ ಬಳಿಗೆ ಕರೆದುಕೊಂಡು ಹೋಗಿ, ಚಿಗವ್ವನ ಮಷೀನಿಗೂ ಊರಿನ ನೀರು ಆಗುವುದಿಲ್ಲ ಎಂದು ತೋರಿಸಿದೆ. ಕಾಕಾ ಗಾಜಿಗೆ ಹಣೆ ಹಚ್ಚಿ ಆ ಟ್ಯಾಂಕುಗಳನ್ನು ನೋಡಿದರು. ಆಮೇಲೆ ಡಬ್ಬಿಯ ನೀರನ್ನು ಆಸ್ಪತ್ರೆಯ ಅಂಗಳದ ಬೇವಿನ ಬುಡಕ್ಕೆ ಸುರಿದರು.

ಮೂರನೆಯ ಬ್ಯಾಟರಿಯನ್ನು ಬದುಕಿಸಲು ಸಾಧ್ಯವೇ ಎಂದು ನೋಡಬೇಕಿತ್ತು. ಇದು ಎಲ್ಲ ಬ್ಯಾಟರಿಗೂ ಮಾಡುವ ಕೆಲಸವಲ್ಲ, ಹತ್ತರಲ್ಲಿ ಹೆಚ್ಚಿನವು ಹಾಳಾಗುತ್ತವೆ. ತಳದ ಗಸಿ ಎದ್ದು ಪ್ಲೇಟುಗಳ ನಡುವೆ ಸಿಕ್ಕಿದರೆ ಒಂದು ಸೆಲ್ ಸತ್ತೇಹೋಗುತ್ತದೆ. ಮಾತು ಕೊಡದೆ ಶುರು ಮಾಡಿದೆ. ರಬ್ಬರಿನ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಒಳಗಿನ ಆ್ಯಸಿಡ್ಡನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ನಿಧಾನ ಬಗ್ಗಿಸಿದೆ. ಡಿಸ್ಟಿಲ್ಡ್ ನೀರು ತುಂಬಿ, ಅಲುಗಾಡಿಸದೆ ಬಿಟ್ಟು, ಮತ್ತೆ ಬಗ್ಗಿಸಿದೆ. ಬಗ್ಗಿಸಿದ ನೀರಿಗೆ ಹೊಸದಾಗಿ ಕೊಂಡ ಪೆನ್ನಿನಂಥ ಮೀಟರ್ ಅದ್ದಿದರೆ ಪ್ರಯೋಜನವಿರಲಿಲ್ಲ, ಆ್ಯಸಿಡ್ಡೇ ಅದರ ಲೆಕ್ಕ ತಪ್ಪಿಸುತ್ತದೆ. ಕಣ್ಣಳತೆಯ ಮೇಲೆ ನಾಲ್ಕೈದು ಸಲ ತೊಳೆದೆ. ಪ್ಲೇಟುಗಳು ಇನ್ನೂ ಕಂದು ಬಣ್ಣದಲ್ಲೇ ಇದ್ದವು, ಉದುರಿರಲಿಲ್ಲ. ಹೊಸ ಆ್ಯಸಿಡ್ ತುಂಬಿ, ಅತಿ ಕಡಿಮೆ ಕರೆಂಟಿನಲ್ಲಿ ಚಾರ್ಜಿಗೆ ಹಾಕಿದೆ.

ಹಲಗೆಯ ಮೇಲೆ ಮತ್ತೆ ಅದೇ ಕಾಯುವ ಕೆಲಸ. ಹನ್ನೆರಡು ಪಾಯಿಂಟ್ ಏಳರಿಂದ ಹೊರಟಿತು. ನಾಲ್ಕನೆಯ ದಿನ ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಮೀಟರ್ ಹಚ್ಚಿದೆ. ಹನ್ನೆರಡು ಪಾಯಿಂಟ್ ಆರರ ಮೇಲೆಯೇ ನಿಂತಿತ್ತು.

ಉಳಿದದ್ದು ಡೈನಮೊ. ಕಾಕಾನ ಜೀಪಿನಲ್ಲೇ ಗಂಗಾವತಿಗೆ ಹೋದೆವು. ಅಲ್ಲಿಯ ಡೈನಮೊ ಮೇಸ್ತ್ರಿ ನನಗೆ ಹಳೆಯ ಪರಿಚಯ, ಹಳೆಯ ಜಗಳವೂ ಹೌದು. ನನ್ನನ್ನು ಕಂಡ ಕೂಡಲೇ ಶುರು ಮಾಡಿದರು. "ಬ್ಯಾಟ್ರಿ ಅಂಗಡಿಯವ್ರು ಡೈನಮೊ ಸರಿ ಇಲ್ಲ ಅಂತೀರಿ. ನಾವು ಬ್ಯಾಟ್ರಿ ಸರಿ ಇಲ್ಲ ಅಂತೀವಿ. ನಡುವ ಗಾಡಿಯವಂದು ಹೊಟ್ಟಿ ಉರೀತೈತಿ."

"ಈ ಸಲ ಇಬ್ಬರದೂ ಸರಿ ಇಲ್ರಿ. ಎಕ್ಸಿಲೇಟರ್ ತುಳದ ಹಿಡೀರಿ, ಆಮ್ಯಾಲೆ ಮಾತಾಡ್ರಿ" ಎಂದು ಮೀಟರ್ ಅವರ ಮುಂದೆ ಹಿಡಿದೆ. ಅಂಕಿ ಹದಿನೈದು ದಾಟಿದ್ದು ನೋಡಿ ಮೇಸ್ತ್ರಿ ಪಾನಾ ಎತ್ತಿಕೊಂಡರು. ಕಟೌಟ್ ಬದಲಾಯಿತು. ಈಗ ಎಷ್ಟು ತುಳಿದರೂ ಹದಿನಾಲ್ಕು ಪಾಯಿಂಟ್ ಎರಡು. ಜೊತೆಗೆ ತಂದಿದ್ದ ಮೂರನೆಯ ಬ್ಯಾಟರಿಯನ್ನು ಮತ್ತೆ ಜೀಪಿಗೆ ಹಾಕಿ, ಎಂಜಿನ್ನಿನ ಝಳ ನೇರ ಬ್ಯಾಟರಿಗೆ ಬಡಿಯದಂತೆ ನಡುವೆ ಒಂದು ತಗಡು ಕೂರಿಸಿದೆವು.

ಹೊರಡುವ ಮುಂಚೆ ಗಂಗಾವತಿಯ ಬಜಾರಿನಲ್ಲಿ ಒಂದು ಸಣ್ಣ ಕೆಂಪು ಎಲ್‌ಇಡಿ ಕೊಂಡೆ. ದಾರಿಯಲ್ಲಿ, ಆ ಅಮ್ಮನ ಗುಡಿಯಿರುವ ಹೇಮಗುಡ್ಡದ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ ಎಂದೆ. ಕಾಕಾ ಗಾಡಿಯನ್ನು ರಸ್ತೆಯ ಬದಿಗೆ ತಂದರು. ಪಟದ ಮುಂದಿನ ಹೋಲ್ಡರ್ ಖಾಲಿಯಿತ್ತು, ಅದನ್ನು ಬಿಚ್ಚಿ ಎಲ್‌ಇಡಿ ಜೋಡಿಸಿದೆ. ತಂತಿಯನ್ನು ಕೀಲಿಗೆ ಕೊಡಲಿಲ್ಲ, ಮೊದಲು ಇದ್ದ ಹಾಗೆ ಬ್ಯಾಟರಿಗೇ ಕೊಟ್ಟೆ. ಮೀಟರ್ ಹಚ್ಚಿದರೆ ಮುಳ್ಳು ಅಲುಗಿತೋ ಇಲ್ಲವೋ ಎಂಬಂತಿತ್ತು.

"ಗಾಡಿ ನಿಂತಾಗ್ಲೂ ಇದು ಆರಂಗಿಲ್ಲಲ್ರಿ ಅಕ್ಕಾರ?"

"ಆರಂಗಿಲ್ಲ ಕಾಕಾ. ವಾರ ನಿಂತ್ರೂ ಬ್ಯಾಟ್ರಿಗೆ ಗೊತ್ತಾಗಂಗಿಲ್ಲ."

ಅವರು ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದರು. ಅಂದು ಬಿಚ್ಚಿದ ಹಳೆಯ ಬಲ್ಬು ಅದರಲ್ಲೇ ಇತ್ತು. ಗುಡ್ಡದ ಕಡೆ ಕೈಮುಗಿದು, ಬಲ್ಬನ್ನು ಪಟದ ಹಿಂದೆ ಜೋಪಾನವಾಗಿ ಇಟ್ಟರು. ನಾನು ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ತಂತಿಗೆ ಟೇಪು ಸುತ್ತುತ್ತ ಕೂತೆ.

ಒಂದು ಮಳೆಗಾಲ ಕಳೆಯಿತು, ಚಳಿ ಬಂತು, ಮತ್ತೆ ಬಿಸಿಲು ಏರಿತು. ಹಳೆಯ ಜೀಪುಗಳಿಗೆ ಚಳಿಗಾಲದ ಬೆಳಗೇ ಪರೀಕ್ಷೆ, ಆ ಮೂರನೆಯ ಬ್ಯಾಟರಿ ಅದನ್ನೂ ದಾಟಿತು. ಅಂಗಡಿಯ ಹಳೆಯ ಬ್ಯಾಟರಿ ಎಂದೋ ಹಿಂತಿರುಗಿ ಬಂದು ಬೇರೆಯವರ ಗಾಡಿಯಲ್ಲಿದೆ. ಕಾಕಾ ನೀರಿನ ಡಬ್ಬಿ ಒಯ್ಯಲು ಬರುತ್ತಾರೆ, ಮೊದಲಿನಷ್ಟು ಸಲ ಅಲ್ಲ. ಕಟೌಟ್ ಸರಿಯಾದ ಮೇಲೆ ಬ್ಯಾಟರಿ ಅಷ್ಟು ಕುಡಿಯುವುದಿಲ್ಲ.

ಮೊನ್ನೆ ಬಂದಾಗ ಚಿಗವ್ವ ಜೊತೆಗಿದ್ದರು, ಡಯಾಲಿಸಿಸ್ ಮುಗಿಸಿಕೊಂಡು ಊರಿಗೆ ಹೊರಟವರು. ಜೀಪು ಅಂಗಡಿಯ ಮುಂದಿನ ಸಪಾಟ ಜಾಗದಲ್ಲಿ ನಿಂತಿತು. ಕಾಕಾ ಕೀಲಿ ತಿರುವಿ ಎಂಜಿನ್ ಆರಿಸಿದರು. ಗಾಲಿಗೆ ಕಲ್ಲು ಹುಡುಕಲಿಲ್ಲ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದು, ಮೊಟ್ಟಮೊದಲ ಸಲ ನನ್ನ ಅಂಗಡಿಯ ಕುರ್ಚಿಯ ಮೇಲೆ ಕೂತರು. ರಸ್ತೆ ಅಷ್ಟು ನಿಶ್ಶಬ್ದವಾದದ್ದು ನನಗೇ ವಿಚಿತ್ರವೆನಿಸಿತು.

ಅವರಿಗೆ ಚಹಾ ತರಿಸಿಕೊಟ್ಟು, ನಾನು ಡಬ್ಬಿ ಹಿಡಿದು ಜೀಪಿನ ಬಳಿ ಹೋದೆ. ಬಾನೆಟ್ ಎತ್ತಿ, ಬಿರಡೆ ಬಿಚ್ಚಿ ನೋಡಿದರೆ ಆರೂ ಸೆಲ್ಲುಗಳಲ್ಲಿ ನೀರು ಗೆರೆಗೆ ಸರಿಯಾಗಿ ನಿಂತಿತ್ತು, ಕೂದಲೆಳೆ ಮೇಲಿಲ್ಲ, ಕೆಳಗಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಲೋಟವನ್ನು ದಾರದಿಂದ ಕಟ್ಟಿದ್ದರು.

"ಕಂಡ್ಯಾ ಯವ್ವಾ?" ಚಿಗವ್ವ ಹಿಂದಿನ ಸೀಟಿನಿಂದ ಕತ್ತು ಚಾಚಿದರು. "ನನ್ನ ಲೋಟದಂಥಾದ್ದ ಒಂದು ಹುಡುಕಿ ತಂದಾರ. ಈಗ ನಮ್ಮಿಬ್ಬರಿಗೂ ಅಳದ ಕೊಡ್ತಾರ."

ಕಾಕಾ ಚಹಾ ಮುಗಿಸಿ ಬಂದು ಕೀಲಿ ತಿರುವಿದರು. ಜೀಪು ಒಂದೇ ಏಟಿಗೆ ಎದ್ದಿತು. ಚಿಗವ್ವ ಪಟ್ಟಿಯಿಲ್ಲದ ಕೈಯನ್ನು ಹೊರಗೆ ಚಾಚಿ, ಅಂಗಡಿ ಮರೆಯಾಗುವವರೆಗೂ ಆಡಿಸುತ್ತ ಹೋದರು.